ಪೂಜೆಗಿಟ್ಟ ಗಡಿಯಾರ

ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ. ಪುಣೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಆ ಬಂಗಾರದ ಕೈಗಡಿಯಾರ ಕಂಡು ನಾನು ಸೋತೆ. ಅದರ ಬಿಳಿ ಮುಖ ವಯಸ್ಸಾಗಿ ಕೆನೆಯ ಬಣ್ಣಕ್ಕೆ ತಿರುಗಿತ್ತು. ಕಿವಿಗಿಟ್ಟರೆ ದೂರದಲ್ಲಿ ಯಾರೋ ಮೆಲ್ಲಗೆ ನಡೆಯುತ್ತಿರುವಂಥ ಸದ್ದು. ಅದಕ್ಕೆ ಸೆಲ್ ಬೇಡ. ಕಟ್ಟಿಕೊಂಡವರ ಕೈ ಆಡಿದರೆ ನಡೆಯುತ್ತದೆ, ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಲ್ಲುತ್ತದೆ.

ಬೀರುವಿನಲ್ಲಿ ಹಾಗೆ ನಿಂತುಹೋಗಿದ್ದ ಅದನ್ನು ಕಳೆದ ವರ್ಷ ದಸರೆಯ ಆಯುಧಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೇ ಪೂಜೆಗೆ ತಂದು, ದೇವರ ಮುಂದೆ ಪಟ್ಟಿ ಬಿಚ್ಚಿ ಚಾಚಿಟ್ಟು, ಗಾಜಿಗೆ ವಿಭೂತಿ ಹಚ್ಚಿದೆ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಕೊಡುವ ಹೊತ್ತಿನವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಮರುದಿನ ಸಂಜೆ ನನ್ನ ಹೆಂಡತಿ ಶೈಲಶ್ರೀ ಅದನ್ನು ಎತ್ತಿಕೊಂಡವಳು ಹಾಗೇ ನಿಂತಳು.

"ಇದನ್ನ ಮುಟ್ಟಿದ್ರೇನ್ರಿ?"

"ನಾ ಯಾಕ ಮುಟ್ಲಿ?"

"ಯಾರದೋ ಕೈಮ್ಯಾಲೆ ಇದ್ದಂಗ ಬೆಚ್ಚಗದಲ್ರಿ!"

ಗಡಿಯಾರ ನಡೆಯುತ್ತಿತ್ತು. ಗಾಜಿನ ವಿಭೂತಿ ಅಳಿಸಿತ್ತು. ಚಾಚಿಟ್ಟಿದ್ದ ಪಟ್ಟಿಗೆ ಬಕಲ್ ಬಿದ್ದಿತ್ತು. ನಾನು ಹಾಕುವುದು ಮೂರನೇ ತೂತಿಗೆ. ಬಕಲ್ ಕೊನೆಯ ತೂತಿನಲ್ಲಿತ್ತು. ಅಷ್ಟು ಸಣ್ಣ ಮಣಿಕಟ್ಟು ನಮ್ಮ ಮನೆಯಲ್ಲಿ ಯಾರದ್ದೂ ಇಲ್ಲ.

"ಮಾರಿಬಿಡ್ರಿ," ಅಂದಳು. ಮನಸ್ಸಾಗಲಿಲ್ಲ. ಈಗ ದಿನವೂ ಕಟ್ಟಿಕೊಳ್ಳುತ್ತೇನೆ. ಹಡಪಸರದ ಗದ್ದಲದಲ್ಲಿ ಬಸ್ಸು ನಿಂತಾಗ ಆ ಕೆನೆಬಣ್ಣದ ಮುಖ ನೋಡುತ್ತ ಕೂತರೆ ಇಳಿಯುವ ಸ್ಟಾಪೇ ಮರೆತುಹೋಗುತ್ತದೆ.

ನನ್ನ ತೂಕ ಇಳಿದಿಲ್ಲ. ಬಲಗೈಯ ಕಡಗ ಮೊದಲಿನಷ್ಟೇ ಬಿಗಿಯಾಗಿದೆ. ಎಡಗೈಗೆ ಮಾತ್ರ ಈಗ ಕೊನೆಯ ತೂತೇ ಸರಿಹೋಗುತ್ತದೆ.