ಲೇಬಲ್ಲಿನ ಕೊನೆಯ ಸಾಲು

ಪುಡಿ ಸತ್ತಿತ್ತು.

ನಗಬೇಡಿ. ಕಾರ್ಬೀನ್ ಅನ್ನುವ ಆ ಬಿಳಿ ಪುಡಿಗೆ ಗಾಳಿಯ ತೇವ ತಾಗಿದರೆ ಕಥೆ ಮುಗಿಯಿತು. ಅದಕ್ಕೇ ಅದನ್ನು ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಗೇ ಜೋಡಿಸಿದ ರಬ್ಬರ್ ಕೈಗವಸಿನೊಳಗೆ ಕೈ ತೂರಿಸಿ ಬಳಸುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಈ ಲ್ಯಾಬಿಗೆ ಗಾಜು ಊದಿ ಫ್ಲಾಸ್ಕ್ ಮಾಡಿಕೊಡುವವನು.

ಲೋಹದ ಹಂಗಿಲ್ಲದೆ ಬರೀ ಕಾರ್ಬೀನ್ ಎರಡು ಅಣುಗಳನ್ನು ಜೋಡಿಸುತ್ತದೆ ಎಂದು ಈ ಲ್ಯಾಬಿನ ಪಿಎಚ್‌ಡಿ ಹುಡುಗಿ ಪ್ರಬಂಧ ಬರೆದಿದ್ದಳು. ಸೋಮವಾರ ಬೆಳಿಗ್ಗೆ ಹೊರಗಿನ ಪರೀಕ್ಷಕಿಯ ಎದುರು ಮಾಡಿ ತೋರಿಸಬೇಕಿತ್ತು. ಎರಡು ಗಂಟೆ ಕಲಕಿದರೂ ಏನೂ ಆಗಲಿಲ್ಲ.

"ಸುಳ್ಳು ಅಂಕಿ ಬರೆದಿದ್ದೀಯ," ಎಂದರು ಅವಳ ಗೈಡ್. "ಡಿಗ್ರಿ ಆಸೆ ಬಿಟ್ಟುಬಿಡು."

ಮಗಳೇ ಅಂತ ಕರೆಯುತ್ತಿದ್ದ ಬಾಯಿ!

"ಮಾಮಾ, ಶನಿವಾರ ಕೆಲಸ ಮಾಡ್ತು, ನಿಮ್ಮಾಣೆ," ಹುಡುಗಿ ನನ್ನ ತೋಳು ಹಿಡಿದಳು.

*

"ಭಾನುವಾರ ಯಾರು ಬಂದಿದ್ರು?" ನಾನು ಕೇಳಿದೆ.

"ರಿಜಿಸ್ಟರಿನಲ್ಲಿ ಅಕ್ಕನ ಸಹಿ ಒಂದೇ ಇದೆ," ಎಂದಳು ಹುಡುಗಿ.

ಅಕ್ಕ, ಅಂದರೆ ಲ್ಯಾಬಿನ ಸೀನಿಯರ್ ವಿದ್ಯಾರ್ಥಿನಿ, ಬೆಚ್ಚಿದಳು. "ಅಯ್ಯೋ, ಪುಸ್ತಕ ಮರೆತಿದ್ದೆ, ತಗೊಂಡು ಹೋದೆ ಅಷ್ಟೆ! ಪೆಟ್ಟಿಗೆ ಹತ್ರಾನೂ ಹೋಗಿಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ. ನನ್ನದೂ, ಸುಳ್ಳೇಕೆ ಹೇಳಲಿ.

ಪೆಟ್ಟಿಗೆಯ ಗಾಜಿಗೆ ಮೂಗೊತ್ತಿ ಸೀಸೆಯ ಲೇಬಲ್ ಓದಿದೆ. ಇಲ್ಲಿ ಸೀಸೆ ತೆರೆದವರು ಮುಚ್ಚುವಾಗ ಅದರ ತೂಕ ಲೇಬಲ್ಲಿನ ಮೇಲೆ ಬರೆಯಲೇಬೇಕು. ಗೈಡ್ ಮಾಡಿದ ಕಟ್ಟುನಿಟ್ಟಿನ ನಿಯಮ. ಶನಿವಾರ 24.310 ಗ್ರಾಂ, ಹುಡುಗಿಯ ಸಹಿ. ಕೆಳಗೆ ಇನ್ನೊಂದು ಸಾಲು, ಸಹಿಯಿಲ್ಲದ್ದು: 24.3977.

"ಇದ್ಯಾರು ಬರ್ದಿದ್ದು?"

"ನಾನಲ್ಲ ಮಾಮಾ! ಇವತ್ತು ಗಾಬರಿಲಿ ಲೇಬಲ್ ನೋಡ್ಲೇ ಇಲ್ಲ, ತೂಕಾನೂ ಬರೀಲಿಲ್ಲ."

"ಕದ್ದಿದ್ರೆ ತೂಕ ಇಳೀಬೇಕಿತ್ತು. ಏರಿದೆ. ಪುಡಿ ನೀರು ಕುಡಿದಿದೆ," ಎಂದೆ. "ಪೆಟ್ಟಿಗೆ ಒಳಗಿನ ತಕ್ಕಡಿ ಚುಕ್ಕಿ ಆದ್ಮೇಲೆ ಮೂರೇ ಅಂಕಿ ತೋರಿಸೋದು. ನಾಲ್ಕು ತೋರಿಸೋದು ಹೊರಗಿನದು. ಯಾರೋ ಸೀಸೆ ಹೊರಗೆ ತಂದು, ಇಡೀ ದಿನ ತೆರೆದಿಟ್ಟು, ತೂಗಿ, ವಾಪಸ್ ಇಟ್ಟಿದ್ದಾರೆ."

ಪರೀಕ್ಷಕಿ ಕುರ್ಚಿಯಿಂದ ಎದ್ದರು. "ಯಾರು?"

ಆ ಸಾಲಿನ ಎರಡೂ ಏಳರ ಸೊಂಟಕ್ಕೆ ಒಂದೊಂದು ಅಡ್ಡಗೆರೆ ಇತ್ತು. ನನ್ನ ಕೈ ಜೇಬಿನ ಚೀಟಿಗೆ ಹೋಯಿತು, ಮೊನ್ನೆ ಕೊಟ್ಟ ಫ್ಲಾಸ್ಕಿನ ಅಳತೆ. ದೇವರೇ, ಸುಳ್ಳಾಗಲಿ ಅಂದುಕೊಂಡೆ. ತೆಗೆದು ಗಾಜಿನ ಪಕ್ಕ ಹಿಡಿದೆ. ಅದೇ ಗೆರೆ, ಅದೇ ಏಳು; ಚೀಟಿ ಬರೆದುಕೊಟ್ಟವರು ಗೈಡ್. ರಿಜಿಸ್ಟರಿನಲ್ಲಿ ಗೈಡ್‌ಗಳು ಸಹಿ ಹಾಕುವುದಿಲ್ಲ.

"ಸರ್... ನೀವಾ?" ಎಂದೆ.

ಗೈಡ್ ಮುಖ ಬಿಳಿಚಿತು.

"ಲೋಹ ಇಲ್ದೆ ಈ ಜೋಡಣೆ ಆಗಲ್ಲ ಅಂತ ಹದಿನೈದು ವರ್ಷ ಬರ್ದಿದ್ದೀನಿ. ಇವಳು ಆಗುತ್ತೆ ಅಂತ ತೋರಿಸಿದ್ರೆ ನಾನೇನಾಗ್ಬೇಕು?"

"ಹಾಳು ಮಾಡೋಕೆ ಬಂದೋರು ತೂಕ ಯಾಕೆ ಬರ್ದ್ರಿ?" ನಾನು ಕೇಳಿದೆ.

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಬರೀದೆ ಮುಚ್ಚಿ ಅಭ್ಯಾಸ ಇಲ್ಲ."

*

ಕಾರ್ಬೀನಿಗೆ ಮೂಲವಾದ ಲವಣ ಗಾಳಿಗೆ ಹೆದರುವುದಿಲ್ಲ; ಕಪಾಟಿನಲ್ಲೇ ಇತ್ತು. ಅದಕ್ಕೆ ಪ್ರತ್ಯಾಮ್ಲ ಹಾಕಿ ಹುಡುಗಿ ಹೊಸ ಪುಡಿ ಮಾಡಿದಳು. ಮರುದಿನ ಅಣುಗಳು ಜೋಡಿಯಾದವು. ಪರೀಕ್ಷಕಿ ಸಹಿ ಹಾಕಿದರು.

ಹುಡುಗಿ ನಗಲಿಲ್ಲ. ಸೀಸೆ ಮುಚ್ಚಿ, ಅಳುತ್ತಲೇ ಲೇಬಲ್ಲಿನ ಮೇಲೆ ತೂಕ ಬರೆದಳು. ಸರ್ ಕಲಿಸಿದ್ದಲ್ಲವೇ.