ನಾಬಿಲ್ಲದ ಒಲೆ

ಗ್ಯಾಸ್ ಒಲೆಯ ನಾಲ್ಕೂ ನಾಬ್‌ಗಳು ಮಾಯವಾಗಿದ್ದವು.

ಸಂತೆಯಿಂದ ಮಸೂರ ಬೇಳೆ, ಕುಂಬಳಕಾಯಿ ಹೊತ್ತು ತಂದ ಸುಲ್ಮಾ ಅಡುಗೆಮನೆಯಲ್ಲಿ ನಿಂತೇಬಿಟ್ಟಳು. ಬಾಗಿಲ ಬೀಗ ನೆಟ್ಟಗಿತ್ತು. ಟಿವಿ ಇದ್ದಲ್ಲೇ ಇತ್ತು.

"ನಾಬ್ ಕದಿಯೋ ಕಳ್ಳ ಯಾವನು?" ಎಂದ ಅವಳ ಜೊತೆಗೇ ಸಂತೆಗೆ ಹೋಗಿಬಂದ ಮನೆವಾಸಿ ಅನ್ಸೆಲ್ಮೊ, ತನ್ನ ಗಾಲಿಕುರ್ಚಿಯನ್ನು ಒಲೆಯವರೆಗೆ ತಂದು. "ಮೊಂಟೆವಿಡಿಯೊದಲ್ಲಿ ಕಳ್ಳರಿಗೂ ಕೆಲಸ ಸಿಗ್ತಿಲ್ಲ ಅನ್ಸುತ್ತೆ."

ಸುಲ್ಮಾಗೆ ನಗು ಬರಲಿಲ್ಲ. ಗಂಟೆ ಹನ್ನೊಂದು. ವಿಕಲಚೇತನ ಯುವಜನರಿಗೆ ಮನೆ ಕೊಡಿಸುವ ಸಂಸ್ಥೆಯ ನಿಬಿಯಾ ಮೇಡಂ ಹನ್ನೆರಡೂವರೆಗೆ ಊಟಕ್ಕೆ ಬರುವವರಿದ್ದರು. ಇಬ್ಬರೂ ತಾವೇ ಅಡುಗೆ ಮಾಡಿ ಬಡಿಸಿದರೆ ಮನೆ ಖಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿ ತಂತಮ್ಮ ತಾಯಂದಿರ ಮನೆಗೆ. ಡೌನ್ ಸಿಂಡ್ರೋಮ್ ಇದ್ದ ಸುಲ್ಮಾಗೆ ಇಪ್ಪತ್ನಾಲ್ಕು ತುಂಬಿದ್ದರೂ ಆ ಮನೆಯಲ್ಲಿ ಅಮ್ಮನೇ ಮಾಂಸ ಕತ್ತರಿಸಿ ತಟ್ಟೆಗೆ ಹಾಕುತ್ತಿದ್ದಳು. ಅಲ್ಲಿಗೆ ಮರಳಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಕೆಟಲ್ ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

"ಕಳ್ಳ ಮೊದಲು ನೀರು ಕಾಯ್ಸಿದಾನೆ. ಆಮೇಲೆ ನಾಬ್ ಕಿತ್ತಿದಾನೆ."

ಮೇಜಿನ ಮೇಲೆ ಮಾತೆಯ ಬುರುಡೆ. ಇಲ್ಲಿ ಮಾತೆ ಎಂದರೆ ತಾಯಿಯಲ್ಲ. ಸೋರೆ ಬುರುಡೆಗೆ ಒಣ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಯಿಂದ ಹೀರುವ ಕಹಿ ಕಷಾಯ. ಬೆಳಿಗ್ಗೆ ತೊಳೆದಿಟ್ಟ ಬುರುಡೆಯಲ್ಲಿ ಈಗ ಒದ್ದೆ ಸೊಪ್ಪಿತ್ತು. ಪಕ್ಕದಲ್ಲಿ ಅರ್ಧ ಖಾಲಿಯಾದ ಫ್ಲಾಸ್ಕ್.

"ಆರಾಮಾಗಿ ಕೂತು ಅರ್ಧ ಫ್ಲಾಸ್ಕ್ ಕುಡ್ದಿದಾನೆ," ಎಂದ ಅನ್ಸೆಲ್ಮೊ. "ಕಳ್ಳ ಅಲ್ಲ ಕಣೇ, ನೆಂಟ."

*

ಇನ್ನೊಂದು ಕೀಲಿ ಇದ್ದದ್ದು ಮೇಲಿನ ಮನೆಯ ವಾಷಿಂಗ್ಟನ್ ಮಾಮನ ಬಳಿ. ಹೋದ ವಾರ ಅನ್ನ ಸೀದ ವಾಸನೆಗೆ ಆತ ರಂಪ ಮಾಡಿದ್ದ. ಸುಲ್ಮಾ ಅವನನ್ನು ಕರೆತಂದಳು. ಅಷ್ಟರಲ್ಲಿ "ಹೀಗೇ ಈ ಕಡೆ ಬಂದೆ" ಎನ್ನುತ್ತಾ ಅವಳ ಅಮ್ಮ ಎಲ್ಬಾ ಬಂದಳು. ಎಲ್ಬಾಳ ಕೀಲಿಯನ್ನು ನಿಬಿಯಾ ಮೊದಲ ವಾರವೇ ವಾಪಸ್ ಪಡೆದಿದ್ದರು.

"ಅಯ್ಯೋ ಪಾಪ," ಎಂದಳು ಎಲ್ಬಾ, ಒಲೆ ನೋಡಿ. "ಬಿಡು, ಮನೇಲಿ ಅಡುಗೆ ಆಗಿದೆ. ಮೇಡಮ್ಮನ್ನೂ ಅಲ್ಲಿಗೇ ಕರಿ."

ಸುಲ್ಮಾ ಬುರುಡೆ ಖಾಲಿ ಮಾಡಿದಳು. ಹೊಸ ಸೊಪ್ಪು ಹಾಕಿ, ಉಳಿದ ನೀರು ಹೊಯ್ದು, ಬುರುಡೆಯನ್ನು ಸರದಿಯಂತೆ ಕೊಟ್ಟಳು. ಥ್ಯಾಂಕ್ಸ್ ಅನ್ನದವರಿಗೆ ಅದು ಮತ್ತೆ ಮತ್ತೆ ಬರುತ್ತದೆ. ಥ್ಯಾಂಕ್ಸ್ ಅಂದರೆ ಸಾಕು ಎಂದರ್ಥ.

ವಾಷಿಂಗ್ಟನ್ ಮೂರು ಸಲ ಹೀರಿ ನಾಲ್ಕನೆಯದಕ್ಕೂ ಕೈ ಚಾಚಿದ. "ಬೆಳಿಗ್ಗೆಯಿಂದ ಒಂದು ಗುಟುಕೂ ಇಲ್ಲ ಕಣಮ್ಮ. ಹೆಂಡತಿ ಫ್ಲಾಸ್ಕ್ ಹೊತ್ಕೊಂಡು ಮಗಳ ಮನೆಗೆ ಹೋಗಿದಾಳೆ."

ಎಲ್ಬಾ ಮೊದಲನೆಯದಕ್ಕೇ ಬುರುಡೆ ಮರಳಿಸಿದಳು. "ಥ್ಯಾಂಕ್ಸ್ ಮಗಳೇ."

"ಅಮ್ಮಾ," ಎಂದಳು ಸುಲ್ಮಾ. "ಬ್ಯಾಗ್ ತೆಗಿ."

*

"ನನ್ನ ಹೆರೋ ನೋವಲ್ಲೂ ಮಾತೆ ಬಿಡದೋಳು ನೀನು. ಇವತ್ತು ಒಂದಕ್ಕೇ ಥ್ಯಾಂಕ್ಸ್ ಅಂದೆ. ಯಾಕೆ? ಆಗಲೇ ಇಲ್ಲಿ ಕೂತು ಹೊಟ್ಟೆ ತುಂಬ ಕುಡ್ದಿದೀಯ. ಮಾಮ ಕುಡಿದಿಲ್ಲ, ಬಾಯಾರಿಕೆ ನೋಡಿದ್ರೇ ಗೊತ್ತಾಗುತ್ತೆ. ಬೀಗ ಒಡೆದಿಲ್ಲ. ಅಂದ್ರೆ ಕೀಲಿ ವಾಪಸ್ ಕೊಡೋ ಮುಂಚೆ ಇನ್ನೊಂದು ಮಾಡಿಸ್ಕೊಂಡಿದೀಯ."

ಎಲ್ಬಾ ಬ್ಯಾಗ್ ತೆರೆದಳು. ಕರವಸ್ತ್ರದಲ್ಲಿ ನಾಲ್ಕು ನಾಬ್, ಒಂದು ಕೀಲಿ. ನಾಬ್‌ಗಳು ಫಳಫಳ ಹೊಳೆಯುತ್ತಿದ್ದವು.

"ಜಿಡ್ಡು ಹಿಡ್ದಿತ್ತು, ತೊಳೆದೆ," ಎಂದಳು. ಅವನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. "ನಿಂಗೆ ಬೆಂಕಿ ತಗುಲಿದ್ರೆ ನಾನೇನ್ ಮಾಡ್ಲಿ?"

"ನಂಗೂ ಭಯ ಆಗುತ್ತಮ್ಮ. ಆದ್ರೂ ಹಚ್ತೀನಿ."

ಸುಲ್ಮಾ ಕೀಲಿಯನ್ನು ಜೇಬಿಗಿಳಿಸಿದಳು. "ಹನ್ನೆರಡೂವರೆಗೆ ಊಟಕ್ಕೆ ಬಾ. ಬೆಲ್ ಮಾಡು."

*

ಹನ್ನೆರಡೂವರೆಗೆ ಬೆಲ್ ಆಯಿತು. ಬೇಳೆ ಕುದಿಯುತ್ತಿತ್ತು. ಸುಲ್ಮಾ ಗಡಿಬಿಡಿ ಮಾಡಲಿಲ್ಲ. ಉರಿ ಸಣ್ಣಗೆ ಮಾಡಿ ಕೈ ಒರೆಸಿಕೊಂಡಳು.

ಹೊರಗೆ ನಿಬಿಯಾ ಮೇಡಂ ದನಿ ಕೇಳಿಸಿತು. "ಏನ್ ಎಲ್ಬಾ ಅವರೇ, ಬಾಗಿಲಿಗೆ ಚಿಲಕಾನೂ ಹಾಕಿಲ್ಲ. ತಳ್ಕೊಂಡು ಒಳಗೆ ಹೋಗೋದಲ್ವಾ? ನೀವು ತಾಯಿ."

"ಅವಳ ಮನೆ ಮೇಡಂ," ಎಂದಳು ಎಲ್ಬಾ. "ಅವಳೇ ಬಂದು ತೆಗೀಲಿ."