ಪಕ್ಕದ ಸೀಟು

"ಡ್ರೈವರ್ ಪಕ್ಕದ ಸೀಟಲ್ಲಿ ನಿಮ್ಮೋರನ್ನ ಮಾತ್ರ ಕೂರಿಸ್ಬೇಡಿ," ಎಂದ ಬಡಗಿ. ವ್ಯಾನಿನ ಕೀ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. "ಇಂಜಿನ್ ಸರಿಯಿದೆ, ಬ್ರೇಕ್ ಸರಿಯಿದೆ. ಆ ಸೀಟೇ ಸರಿಯಿಲ್ಲ. ಅಲ್ಲಿ ಕೂತೋರು ಗಾಡಿ ಓಡಿಸೋನನ್ನ ಮರೆತುಬಿಡ್ತಾರೆ. ನಾನು ಮನೆಯಿಂದ ಆಚೆ ಹಾಕಿದ್ನಲ್ಲ, ಮೊದಲ್ನೇ ಹೆಂಡ್ತಿ, ಅವಳು ಮಾಡ್ಸಿದ ಮಾಟ."

ಗಾಡಿ ಕೊಳ್ಳಲು ಬಂದಿದ್ದ ಇಸ್ತ್ರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮರೆತ್ರೆ ಒಳ್ಳೇದೇ ಬಿಡಿ ಯಜಮಾನ್ರೇ. ನನ್ನ ತಪ್ಪೆಲ್ಲ ಇವಳಿಗೆ ಬಾಯಿಪಾಠ."

"ನಿನ್ನ ತಪ್ಪು ಮಾತ್ರ ಮರೆಯಲ್ಲ ಕಣೋ ಮೊದ್ದು," ಎಂದಳು ಅವನ ಹೆಂಡತಿ.

"ತಿಳಿದೇ ತಗೋತಿದೀರಲ್ಲ?" ಬಡಗಿಯ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಹೂಂ, ಕೊಡಿ ಮಾರಾಯ್ರೇ."

ಆ ಸೀಟನ್ನು ಖಾಲಿ ಬಿಡುವ ಹಾಗೂ ಇರಲಿಲ್ಲ. ಇಸ್ತ್ರಿ ಮಾಡಿದ ಶರ್ಟುಗಳನ್ನು ಗಾಡಿಯ ಹಿಂಭಾಗಕ್ಕೆ ಎಸೆದರೆ ಗಿರಾಕಿಯ ಮನೆ ತಲುಪುವಷ್ಟರಲ್ಲಿ ಮುದುಡಿರುತ್ತವೆ. ಅವನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಅವಳು ಪಕ್ಕದಲ್ಲಿ ಕೂರಲೇಬೇಕು. ಅವರ ಕಸುಬು ನಡೆಯುತ್ತಿದ್ದದ್ದೇ ಹಾಗೆ.

ಮೊದಲು ಬಂದದ್ದು ವಾಸನೆ. ಕೂದಲು ಸುಟ್ಟ ವಾಸನೆ. ಬಟ್ಟೆಗೇನಾದರೂ ಕಾವು ಹೆಚ್ಚಾಯಿತೇ ಎಂದು ಅವನು ಮಡಿಕೆ ಬಿಚ್ಚಿ ನೋಡಿದ. ಬಟ್ಟೆ ಬೆಳ್ಳಗೇ ಇತ್ತು. ಆಮೇಲೆ ಅವಳು ಅವನನ್ನು ಮೊದ್ದು ಎಂದು ಕರೆಯುವುದನ್ನು ಬಿಟ್ಟಳು. ಜಗಳವಾಡುವುದನ್ನೂ ಬಿಟ್ಟಳು. ಒಂದು ಬೆಳಿಗ್ಗೆ ಚಹಾ ಲೋಟವನ್ನು ಅವನ ಮುಂದೆ ಇಡುತ್ತಾ, "ನಿಮಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದು ಕೇಳಿದಳು. ಮರುದಿನ ಬಾಗಿಲನ್ನು ಅರ್ಧವೇ ತೆರೆದು, "ಯಾರು ಬೇಕಿತ್ತು?" ಎಂದಳು.

ಅವನು ಚಾಕು ತೆಗೆದುಕೊಂಡು ಹೋಗಿ ಸೀಟನ್ನು ಸೀಳಿದ. ಒಳಗೆ ಸ್ಪಂಜು ಇರಲಿಲ್ಲ. ಕೂದಲು. ಒದ್ದೆ ಕೂದಲು. ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಬೆರಳಿಗೆ ಸುತ್ತಿಕೊಂಡಿತು. ಬೆಚ್ಚಗಿತ್ತು. ಒಳಗಿನಿಂದ ಯಾರೋ ಬಿಕ್ಕಿದರು. ಚಾಕು ಅಲ್ಲೇ ಬಿಟ್ಟು ಓಡಿದ.

ಬಡಗಿಯ ಮನೆಯಲ್ಲಿ ಅವನ ಎರಡನೇ ಹೆಂಡತಿ ಗಂಡನ ತಲೆಗೆ ಎಣ್ಣೆ ತಿಕ್ಕುತ್ತಾ ಏನೋ ಹೇಳಿ ನಗುತ್ತಿದ್ದಳು.

"ನೀನು ಗಾಡಿ ಒಯ್ದ ದಿನವೇ ಇವಳಿಗೆ ನನ್ನ ಗುರುತು ಸಿಕ್ತು," ಎಂದ ಬಡಗಿ, ತಲೆ ಎತ್ತದೆ. "ಇನ್ನೊಬ್ಬನಿಗೆ ಮಾರು, ನಿನ್ನೋಳೂ ವಾಪಸ್ ಬರ್ತಾಳೆ. ಸುಟ್ಟುಗಿಟ್ಟು ಹಾಕ್ಬೇಡ. ಅವಳ ನೆನಪೂ ಅದರ ಜೊತೆ ಬೂದಿ ಆಗುತ್ತೆ."

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಇಸ್ತ್ರಿಯವನು ವಕೀಲನ ಬಳಿಗೆ ಓಡಿದ. ವಕೀಲ ಕನ್ನಡಕ ಒರೆಸಿಕೊಳ್ಳುತ್ತಾ ಎಲ್ಲ ಕೇಳಿದ. "ಶೋರೂಮಲ್ಲಿ ಕೊಂಡಿದ್ರೆ ಮಾತು ಬೇರೆ. ಇದು ಖಾಸಗಿಯವರಿಂದ ಕೊಂಡ ಹಳೇ ಗಾಡಿ. ಕೇಳಿದ್ದಕ್ಕೆ ಸುಳ್ಳು ಹೇಳಿದ್ರೆ ಅವನನ್ನ ಹಿಡೀಬಹುದು. ಅವನು ದೋಷ ಹೇಳೇ ಕೊಟ್ಟಿದಾನೆ. ನೀನು ನಕ್ಕು ತಗೊಂಡಿದೀಯ." ತುಸು ಮುಂದೆ ಬಾಗಿದ. "ಹೇಳಲೇ ಇಲ್ಲ ಅಂದುಬಿಡು. ಸಾಕ್ಷಿಗೆ ಯಾರಿದ್ರು?"

"ನನ್ನ ಹೆಂಡ್ತಿ."

"ಇನ್ನೇನು ಮತ್ತೆ, ಅವರೂ ಹಾಗೇ ಹೇಳ್ಲಿ."

"ಅವಳಿಗೆ ನಾನೇ ನೆನಪಿಲ್ಲ ಸಾರ್."

ವಕೀಲ ಕನ್ನಡಕ ಹಾಕಿಕೊಂಡ. "ಹಾಗಾದ್ರೆ ಮಾರು. ಅವನು ನಿನಗೆ ಹೇಳಿದ್ದನ್ನೇ ನೀನೂ ಹೇಳು. ಆಮೇಲೆ ನಿನ್ನನ್ನ ಯಾರೂ ಮುಟ್ಟೋಕಾಗಲ್ಲ."

ಎಷ್ಟು ಸುಲಭ ನೋಡಿ! ಮಾತಿನಲ್ಲಿ ಕೈ ತೊಳೆದುಕೊಳ್ಳುವುದನ್ನು ಕಲಿಸಲು ಇವರಿಗೆ ಕರಿ ಕೋಟು ಬೇರೆ ಕೇಡು.

ಕೊಳ್ಳಲು ಬಂದವನು ಒಬ್ಬ ಪೇಂಟರ್. ಜೊತೆಯಲ್ಲಿ ಅವನ ತಾಯಿ. ಮಂಡಿ ನೋವಿನ ಮುದುಕಿ, ಮಗನ ತೋಳಿಗೆ ಜೋತುಬಿದ್ದಿದ್ದಳು. ಇಸ್ತ್ರಿಯವನು ಸೀಟಿಗೆ ಹೊಸ ಕವರ್ ಹಾಕಿಸಿದ್ದ. ಅವನ ಹೆಂಡತಿ ಕಿಟಕಿಯ ಹಿಂದೆ ಯಾರದೋ ಮನೆಯವಳಂತೆ ನಿಂತು ನೋಡುತ್ತಿದ್ದಳು.

"ಒಂದು ದೋಷ ಇದೆ, ಮೊದಲೇ ಹೇಳಿಬಿಡ್ತೀನಪ್ಪ," ಎಂದ ಇಸ್ತ್ರಿಯವನು. ಹಲ್ಲು ಕಿರಿದ. ಕಣ್ಣು ಹೊಡೆದ. "ಪಕ್ಕದ ಸೀಟಿಗೆ ಮಾಟ ಮಾಡಿದಾರಂತೆ. ಅಲ್ಲಿ ಕೂತೋರು ಓಡಿಸೋನನ್ನ ಮರೀತಾರಂತೆ."

ಪೇಂಟರ್ ಬಿದ್ದು ಬಿದ್ದು ನಕ್ಕ. ಮುದುಕಿಯೂ ಬೊಚ್ಚುಬಾಯಿ ತೆರೆದು ನಕ್ಕಳು. "ಇವನನ್ನ ಮರೆತ್ರೆ ಬೈಯೋಕೆ ನನಗೆ ಇನ್ಯಾರಿದಾರೆ ಮಗಾ?"

"ತಿಳಿದೇ ತಗೋತಿದೀರಲ್ಲ?"

"ಕೊಡಿ ಅಣ್ಣಾ."

ಮಗ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದ. ಸೀರೆಯ ಸೆರಗು ಬಾಗಿಲಿಗೆ ಸಿಗದಂತೆ ಒಳಗೆ ಮಡಚಿಟ್ಟ. ಮುದುಕಿ ಮೂಗು ಅರಳಿಸಿ, "ಏನೋ ಸುಟ್ಟ ವಾಸನೆ," ಎಂದಳು. ಗಾಡಿ ಹೊರಟಿತು. ತಿರುವು ದಾಟಿತು.

"ಮೊದ್ದು."

ತಿರುಗಿದ. ಬಾಗಿಲಲ್ಲಿ ಅವಳು. ಅವಳೇ. ಕಣ್ಣ ತುಂಬ ನೀರು. ಅವನು ಓಡಿ ಹೋಗಿ ಅವಳ ಕೈ ಹಿಡಿದು ಕುಸಿದು ಕೂತ. ಅವಳ ಬೆರಳು ಒಮ್ಮೆ ಅವನ ಕೂದಲಲ್ಲಿ ಆಡಿತು. ನಿಂತಿತು.

"ಆ ಅಮ್ಮನ್ನ ಅಲ್ಲಿ ಕೂರಿಸಿದ್ಯಾ?"

"ಹೇಳೇ ಮಾರ್ದೆ ಕಣೇ. ಎಲ್ಲಾ ಹೇಳ್ದೆ. ಕಾನೂನು ಪ್ರಕಾರ..."

"ಕೇಳಿಸ್ಕೊಂಡೆ. ಅವರಿಗೆ ನಗು ಬರೋ ಹಾಗೆ ಹೇಳ್ದೆ."

ಅವನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಅವಳು ಕೈ ಬಿಡಿಸಿಕೊಂಡಳು. ಚಪ್ಪಲಿ ಮೆಟ್ಟಿದಳು. ಗಾಡಿ ಹೋದ ದಾರಿಯಲ್ಲಿ, ಬಿಸಿಲಲ್ಲಿ, ಮೊದಲು ಬಿರಬಿರನೆ ನಡೆದಳು. ಆಮೇಲೆ ಓಡಿದಳು. "ಅಮ್ಮಾ, ಇಳೀರಿ, ಇಳೀರಿ ಅಮ್ಮಾ," ಎಂದು ಕೂಗುತ್ತಾ ಓಡಿದಳು.

ಇಸ್ತ್ರಿಯವನು ಮೆಟ್ಟಿಲ ಮೇಲೆ ಕೂತೇ ಇದ್ದ. ಸಂಜೆಯಾಯಿತು. ಕತ್ತಲಾಯಿತು. ಅವಳಿಗೆ ಮನೆಯ ದಾರಿ ಚೆನ್ನಾಗಿ ಗೊತ್ತಿತ್ತು. ಈಗ ಅವಳಿಗೆ ಎಲ್ಲವೂ ನೆನಪಿತ್ತು. ಆದರೂ ಅವಳು ಬರಲಿಲ್ಲ.